ಅಪ್ಪಯ್ಯನ ಜೀಪು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಬಲಕ್ಕೆ ಒಳದಾರಿ ಹಿಡಿದರೆ ನಮ್ಮೂರು. ಮನೆಯ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ಅಪ್ಪಯ್ಯನ ಜೀಪು 14 ವರ್ಷದಿಂದ ನಿಂತಿತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ಯಾರೂ ಅದನ್ನು ಹೊರಗೆ ತೆಗೆದಿರಲಿಲ್ಲ. ಬಾನೆಟ್ಟಿನ ಮೇಲೆ ಗೋಣಿಚೀಲ, ಅಡಿಕೆ ಹಾಳೆಯ ಕಟ್ಟು, ಮುರಿದ ಏಣಿ. ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಮೊಟ್ಟೆಯಿಡಲು ಜಾಗ ಮಾಡಿಕೊಂಡಿತ್ತು. ಗುಜರಿಯವನು ಮೂರು ಸಲ ಬಂದು ಸುತ್ತು ಹಾಕಿ ನೋಡಿಹೋಗಿದ್ದ. ‘ಕೊಟ್ಟುಬಿಡೋಣ, ಜಾಗವಾದರೂ ಖಾಲಿಯಾಗುತ್ತೆ’ ಎಂದು ತಮ್ಮನ ವಾದ. ನನಗೂ ಎದುರು ಹೇಳಲು ಕಾರಣವಿರಲಿಲ್ಲ.

ಕಾರಣ ಕೊಟ್ಟವಳು ಅಮ್ಮ. ಅವಳಿಗೀಗ 84. ಮಂಡಿನೋವಿನಿಂದ ಅಂಗಳ ದಾಟುವುದೇ ಕಷ್ಟ. ಈ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಕೂತಾಗ, ‘ಒಂದ್ಸಲ ಮೇಲಿನ ತೋಟ ನೋಡ್ಬೇಕು ಕಣೋ’ ಎಂದಳು. ಮೇಲಿನ ತೋಟ ಇರುವುದು ಎರಡು ಕಿಲೋಮೀಟರ್ ದೂರದಲ್ಲಿ, ಗುಡ್ಡದ ಮೇಲೆ. ಮಧ್ಯೆ ಒಂದು ಹಳ್ಳ, ಆಮೇಲೆ ಕಲ್ಲಿನ ಏರು. ಕಾರು ಹೋಗುವ ದಾರಿಯಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತೇವೆ ಎಂದೆ. ‘ನಾಲ್ಕು ಜನ ಹೊರೋ ಕಾಲ ಹ್ಯಾಗೂ ಬರುತ್ತೆ, ಈಗ್ಲೇ ಯಾಕೆ?’ ಎಂದು ನಕ್ಕಳು. ಬಾಡಿಗೆ ಜೀಪು ತರಿಸೋಣವೇ ಎಂದಾಗ ಮಾತಾಡಲಿಲ್ಲ, ಕಿಟಕಿಯಿಂದ ಕೊಟ್ಟಿಗೆಯ ಕಡೆ ನೋಡಿದಳು ಅಷ್ಟೆ.

ಜೀಪು ಎಂದರೆ ಈಗಿನ ಮಕ್ಕಳಿಗೆ ಸಿನಿಮಾದಲ್ಲಿ ಪೊಲೀಸರು ಬರುವ ಗಾಡಿ. ಅದು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ. 1941ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಭಾಗ ಭಾಗವಾಗಿ ಬಂದ ಜೀಪುಗಳನ್ನು ಮಹೀಂದ್ರದವರು ಆಮೇಲೆ ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಅಪ್ಪಯ್ಯ ನಮ್ಮದನ್ನು ಕೊಂಡದ್ದು 1971ರಲ್ಲಿ. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು, ಕರ್ನಾಟಕವಾದದ್ದು 1973ರ ನವೆಂಬರಿನಲ್ಲಿ. ಹಾಗಾಗಿ ನಂಬರ್ ಪ್ಲೇಟು ಶುರುವಾಗುವುದು ‘ಎಂವೈ’ ಎಂಬ ಅಕ್ಷರಗಳಿಂದ. ಪೆಟ್ರೋಲ್ ಎಂಜಿನ್ನು, ನಾಲ್ಕು ಸಿಲಿಂಡರು. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರ, ಗತ್ತಿನಿಂದ ತಲೆಯೆತ್ತಿ ನಿಂತ ಹಾಗೆ ಕಾಣುತ್ತದೆ.

ಪೇಟೆಯಿಂದ ಮೇಸ್ತ್ರಿಯನ್ನು ಕರೆತಂದೆ. ನನಗಿಂತ ಐದಾರು ವರ್ಷ ದೊಡ್ಡವರು, ಜೀಪಿನ ಕೆಲಸದಲ್ಲೇ ತಲೆ ಹಣ್ಣಾದವರು. ಬಂದವರು ಬಾನೆಟ್ಟನ್ನೂ ಎತ್ತದೆ, ‘ಮೇಷ್ಟ್ರೇ, ಮೊದ್ಲು ಕೀ ನನ್ನ ಕೈಗೆ ಕೊಡಿ’ ಎಂದರು. ನಾವ್ಯಾರೂ ಆಸೆಗೆ ಸ್ಟಾರ್ಟ್ ಮಾಡಿ ನೋಡಬಾರದು ಎಂದು! ವರ್ಷಗಟ್ಟಲೆ ನಿಂತ ಎಂಜಿನ್ನಿನೊಳಗೆ ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತವೆ. ಜೋರು ಮಾಡಿ ತಿರುಗಿಸಿದರೆ ಉಂಗುರ ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸುರಿದರು. ‘ದಿನಾ ಸಂಜೆ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿ ನೋಡಿ. ಬರದಿದ್ರೆ ಬಿಟ್ಬಿಡಿ. ಜಗಳ ಆಡ್ಬೇಡಿ’ ಎಂದು ಹೇಳಿ ಹೋದರು.

ಆ ಕೆಲಸ ಏಳನೇ ಕ್ಲಾಸಿನ ಮೊಮ್ಮಗಳ ಪಾಲಿಗೆ ಬಂತು. ಬೆಂಗಳೂರಿನಿಂದ ರಜೆಗೆ ಬಂದಿದ್ದಳು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಸತ್ತ ಎಂಜಿನ್ ಒದೆಯುವುದಿಲ್ಲ, ಆದರೂ ಅಭ್ಯಾಸ ಮೊದಲೇ ಆಗಲಿ ಎಂದು ಕಲಿಸಿದೆ. ಎರಡನೇ ದಿನ ಅಲುಗಲಿಲ್ಲ. ಐದನೇ ದಿನವೂ ಇಲ್ಲ. ಎಂಜಿನ್ ಬಿಗಿದೇ ಇದ್ದರೆ ಶಿವಮೊಗ್ಗಕ್ಕೆ ಸಾಗಿಸಿ ಬೋರ್ ಮಾಡಿಸಬೇಕು. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಬಿದ್ದುಹೋಗಿರುವ ಈ ವರ್ಷ ಅಷ್ಟು ಖರ್ಚು ನಮ್ಮಿಂದ ಆಗದು. ‘ಭಾನುವಾರದವರೆಗೆ ನೋಡುವ, ಆಮೇಲೆ ಗುಜರಿಯವನಿಗೆ ಫೋನು’ ಎಂದ ತಮ್ಮ. ನಾನು ಹೂಂ ಎಂದೆ. ಮೊಮ್ಮಗಳು ಮಾತ್ರ ಸಂಜೆಯ ಜೊತೆಗೆ ಬೆಳಿಗ್ಗೆಯೂ ಕೊಟ್ಟಿಗೆಗೆ ಹೋಗತೊಡಗಿದಳು.

ಶನಿವಾರ ಸಂಜೆ ನಾನು ಜಗಲಿಯಲ್ಲಿ ಕೂತಿದ್ದೆ. ‘ಅಜ್ಜಾ, ಅಲುಗ್ತು!’ ಎಂಬ ಕೂಗು ಬಂತು. ಓಡಿದೆ. ಒಂದು ಬೆರಳಿನಷ್ಟು. ಎಣ್ಣೆ ಸುರಿದು ಒಂಬತ್ತನೇ ದಿನ ಅದು. ಮರುದಿನ ಅರ್ಧ ಸುತ್ತು ಬಂತು, ಆಮೇಲೆ ಪೂರ್ತಿ. ತಮ್ಮ ಫೋನು ಮಾಡಲಿಲ್ಲ.

ಮುಂದಿನದು ಬರೀ ಬೆವರಿನ ಕೆಲಸ. ವೈರುಗಳನ್ನು ಇಲಿ ಕಡಿದಿತ್ತು. ಡ್ರೈವರ್ ಸೀಟಿನಡಿಯ ಪೆಟ್ರೋಲ್ ಟ್ಯಾಂಕಿನಲ್ಲಿ ವಾರ್ನಿಷ್ ವಾಸನೆಯ ಅಂಟು ಉಳಿದಿತ್ತು. ಟ್ಯಾಂಕು ಬಿಚ್ಚಿ, ಹಳ್ಳದ ಸಣ್ಣ ಕಲ್ಲು ಹಾಕಿ ಕುಲುಕಿ ಕುಲುಕಿ ತುಕ್ಕು ಉದುರಿಸಿದೆವು. ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳೆಲ್ಲ ಕಟ್ಟಿದ್ದವು. ಪೆಟ್ರೋಲ್ ಕೊಳವೆಗಳನ್ನು ಹೊಸದಾಗಿ ಹಾಕಿಸಿದೆವು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ರಬ್ಬರು ತಡೆಯುವುದಿಲ್ಲ.

ಹಳೇ ಗಾಡಿ ಎದ್ದೇಳಿಸುವವರು ಮೊದಲು ಪೇಂಟಿನ ಅಂಗಡಿಗೆ ಓಡುವುದನ್ನು ನೋಡಿದ್ದೇನೆ. ಮೇಸ್ತ್ರಿ ದುಡ್ಡು ಹಾಕಿಸಿದ್ದು ಬ್ರೇಕಿಗೆ. ನಾಲ್ಕೂ ಚಕ್ರ ಬಿಚ್ಚಿ, ಒಣಗಿ ಬಿರಿದ ರಬ್ಬರುಗಳನ್ನೆಲ್ಲ ಬದಲಿಸಿ, ಹೊಸ ಆಯಿಲ್ ತುಂಬಿ, ಒಳಗಿನ ಗಾಳಿ ಹೊರಡಿಸುವಷ್ಟರಲ್ಲಿ ಮೂರು ದಿನ ಹಿಡಿಯಿತು. ‘ಅಮ್ಮನೋರನ್ನ ಕೂರಿಸ್ಕೊಂಡು ಏರು ಹತ್ತೋದು ದೊಡ್ಡದಲ್ಲ ಮೇಷ್ಟ್ರೇ, ಇಳಿಸ್ಬೇಕಲ್ಲ’ ಎಂದರು. ಮಾಸಿದ ಹಸಿರು ಬಣ್ಣ ಹಾಗೇ ಉಳಿಯಿತು.

ಎಂಜಿನ್ ಹತ್ತಿದಾಗ ಕೊಟ್ಟಿಗೆ ತುಂಬ ಹೊಗೆ. ಹೇಂಟೆ ಮಾಡು ಹತ್ತಿ ಕೂತಿತು. ಅಮ್ಮ ಬಾಗಿಲಿಗೆ ಬಂದು ನಿಂತು, ‘ಒಂದು ಸಿಲಿಂಡರು ಕೆಲಸ ಮಾಡ್ತಿಲ್ಲ’ ಎಂದಳು. ಮೇಸ್ತ್ರಿ ಒಂದೊಂದೇ ಪ್ಲಗ್ ವೈರು ಎಳೆದು ನೋಡಿದರು. ಮೂರನೆಯದು ಸುಮ್ಮನಿತ್ತು!

ಟಾರು ರಸ್ತೆಗೆ ಇಳಿಸಲು ಆರ್‌ಸಿ ನವೀಕರಣವಾಗಬೇಕು, ಅದರ ಓಡಾಟ ಇನ್ನೂ ಇದೆ. ಮೇಲಿನ ತೋಟದ ದಾರಿ ನಮ್ಮದೇ ಆದ್ದರಿಂದ ಕಾಯಬೇಕಾಗಲಿಲ್ಲ. ಹಳ್ಳದ ಹತ್ತಿರ ಬಂದಾಗ ಅಮ್ಮ, ‘ನೀರಲ್ಲಿ ಗೇರ್ ಬದಲಿಸ್ಬೇಡ, ಅವ್ರು ಬದಲಿಸ್ತಿರ್ಲಿಲ್ಲ’ ಎಂದಳು. ಮುಂದಿನ ಚಕ್ರಗಳಿಗೂ ಶಕ್ತಿ ಹೋಗುವ ಲಿವರ್ ಹಾಕಿ, ಸಣ್ಣ ಗೇರಿನಲ್ಲಿ ಜೀಪು ಆಮೆಯಂತೆ ದಾಟಿ ಏರು ಹತ್ತಿತು.

ತೋಟದಲ್ಲಿ ರೋಗವಿರುವುದು ಅಮ್ಮನಿಗೆ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಅವಳೂ ಅಪ್ಪಯ್ಯನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ನೆಟ್ಟ ಮರಗಳು ಅವು. ಅರ್ಧಕ್ಕರ್ಧ ಸೋಗೆ ಹಳದಿಯಾಗಿ ಜೋತಿತ್ತು. ಬಿದ್ದಿದ್ದ ಒಂದು ಸೋಗೆ ತರಿಸಿಕೊಂಡು, ಚುಕ್ಕೆಗಳನ್ನು ಬೆರಳಿನಿಂದ ಸವರಿ ನೋಡಿದಳು. ‘ನಡಿ ಹೋಗೋಣ’ ಎನ್ನುತ್ತಾಳೆಂದುಕೊಂಡೆ. ಕಲ್ಲಿನ ಮೇಲೆ ಎರಡು ಗಂಟೆ ಕೂತಳು. ಎದ್ದಾಗ, ‘ಕಾಳುಮೆಣಸಿನ ಬಳ್ಳಿ ಚೆನ್ನಾಗಿದೆ. ಹಳ್ಳದ ಬದಿಗೆ ಇನ್ನೂ ನಾಲ್ಕು ಸಾಲು ಹಬ್ಬಿಸು. ಮಳೆ ಹಿಡಿದ್ಮೇಲೆ ನಾನೇ ಬಂದು ನೋಡ್ತೀನಿ’ ಎಂದು ತಮ್ಮನಿಗೆ ಹೇಳಿದಳು.

ವಾರಕ್ಕೊಮ್ಮೆಯಾದರೂ ಎಂಜಿನ್ ಓಡಿಸಬೇಕು ಎಂದು ಮೇಸ್ತ್ರಿಯ ಅಪ್ಪಣೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನಿಂದ ಫೋನು ಬರುತ್ತದೆ. ನಾನು ಬಾನೆಟ್ಟಿನ ಮೇಲೆ ಫೋನಿಟ್ಟು ಸ್ಟಾರ್ಟ್ ಮಾಡುತ್ತೇನೆ. ಮೊನ್ನೆ ಅಲ್ಲಿಂದಲೇ ದನಿ ಬಂತು: ‘ಅಜ್ಜಾ, ಬಿಸಿಯಾಯ್ತು, ಚೋಕ್ ಒಳಗೆ ತಳ್ಳು.’