ಯಾತ್ರೆಗೆ ಮುಂಚಿನ ಯಾತ್ರೆ

ದೂರದ ಯಾತ್ರೆಗೆ ಹೊರಡುವವರು ನಮ್ಮಲ್ಲಿ ಪಂಚಾಂಗವನ್ನು ನೋಡುತ್ತಾರೆ, ಬುತ್ತಿಯನ್ನು ಕಟ್ಟುತ್ತಾರೆ, ಹಿರಿಯರಿಗೆ ನಮಸ್ಕರಿಸಿ ಮುಡುಪನ್ನು ತೆಗೆದಿಡುತ್ತಾರೆ. ಇವೆಲ್ಲವೂ ಆಗತಕ್ಕದ್ದೇ. ಆದರೆ ಅಷ್ಟು ದೂರ ದೇಹವನ್ನೂ ಗಂಟನ್ನೂ ಹೊತ್ತು ನಡೆಯಬೇಕಾದ ಕಾಲುಗಳ ಅಭಿಪ್ರಾಯವನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮನೆಗೆ ಹೊಸ ಅಕ್ಕಿ ಬಂದರೆ ಅದು ಎಷ್ಟು ನೀರನ್ನು ಹಿಡಿಯುವುದೆಂದು ಗೃಹಿಣಿಯು ಮೊದಲು ಒಂದು ಪಾವನ್ನು ಬೇಯಿಸಿ ನೋಡುತ್ತಾಳೆಯೇ ಹೊರತು, ನೂರು ಜನರ ಊಟದ ದಿನವೇ ಅದನ್ನು ಪರೀಕ್ಷಿಸುವುದಿಲ್ಲ. ಕಾಲ್ನಡಿಗೆಯ ಯಾತ್ರೆಗೂ ಇಂತಹ ಒಂದು ಪಾವಿನ ಅಡಿಗೆ ಅವಶ್ಯಕವೆಂಬುದೇ ಈ ಬರಹದ ವಿಷಯ.

ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳ ನಮ್ಮ ಸೀಮೆಯಿಂದ ತಿರುಪತಿಗೆ ನಡೆದು ಹೋಗುವವರು ಇಂದಿಗೂ ಇದ್ದಾರೆ. ಚಿಂತಾಮಣಿಯನ್ನು ಬಿಟ್ಟು ಆಂಧ್ರದ ಗಡಿಯನ್ನು ದಾಟಿ, ಮದನಪಲ್ಲಿ, ಪೀಲೇರು, ಭಾಕರಾಪೇಟೆಗಳ ಮಾರ್ಗವಾಗಿ ಹೋದರೆ 150 ಕಿಲೋಮೀಟರಿಗೂ ಹೆಚ್ಚಿನ ಹಾದಿ. ಶಿಡ್ಲಘಟ್ಟದಿಂದಲೇ ಎಣಿಸಿದರೆ ಹೆಚ್ಚುಕಡಿಮೆ 200. ಇಷ್ಟು ನಡೆದು ದಣಿದವನೆದುರಿಗೆ ಕೊನೆಯಲ್ಲಿ ಬೆಟ್ಟವು ನಿಲ್ಲುತ್ತದೆ. ಅಲಿಪಿರಿಯಿಂದ ಹತ್ತಿದರೆ 3,550 ಮೆಟ್ಟಿಲುಗಳು. ಶ್ರೀನಿವಾಸ ಮಂಗಾಪುರದ ಕಡೆಯ ಶ್ರೀವಾರಿ ಮೆಟ್ಟಿನಿಂದಾದರೆ 2,388. ಪೀಲೇರಿನ ಕಡೆಯಿಂದ ಬರುವವರಿಗೆ ಎರಡನೆಯದೇ ಅನುಕೂಲ.

ನನ್ನ ಅಕ್ಕನಿಗೆ ಈಗ 58 ವರ್ಷ. ಶಿಡ್ಲಘಟ್ಟದ ಬಳಿಯ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ. ಎರಡು ವರ್ಷಗಳ ಹಿಂದೆ ಅವಳ ಮೊಮ್ಮಗನು ಕಾಯಿಲೆಯಿಂದ ಬಹಳ ದಿನ ಆಸ್ಪತ್ರೆಯಲ್ಲಿದ್ದಾಗ, ಮಗು ಗುಣವಾದರೆ ಮನೆಯ ಹೊಸ್ತಿಲಿನಿಂದ ತಿರುಮಲೆಯವರೆಗೆ ನಡೆದೇ ಬರುವೆನೆಂದು ಹರಕೆ ಹೊತ್ತಳು. ಮಗು ಗುಣವಾಗಿ ಶಾಲೆಗೆ ಹೋಗುತ್ತಿದೆ. ಹರಕೆ ಉಳಿಯಿತು, ಈ ನಡುವೆ ಅವಳ ಬಲಮೊಣಕಾಲು ನೋಯತೊಡಗಿತು. “ಬಸ್ಸಿನಲ್ಲಿ ಹೋಗಿ ಬೆಟ್ಟವನ್ನು ಮಾತ್ರ ಹತ್ತಮ್ಮ, ದೇವರು ಬೇಡವೆನ್ನುತ್ತಾನೆಯೆ?” ಎಂದು ಮಗನು ಹೇಳಿದ. “ಮಗು ಅರ್ಧ ಬದುಕಲಿ ಅಂತ ಬೇಡಿಕೊಂಡಿದ್ದೆನೇನಪ್ಪ?” ಎಂದು ಅಕ್ಕ ಕೇಳಿದಳು. ಆ ಮಾತಿಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಹೊರಡುವುದಕ್ಕೆ ಮುಂಚೆ ನಾವಿಬ್ಬರೂ ಗಂಟು ಹೊತ್ತು ಎರಡು ದಿನ ನಡೆದು ನೋಡೋಣವೆಂದು ನಾನು ಸೂಚಿಸಿದಾಗ ಅವಳ ಮುಖ ಸಣ್ಣದಾಯಿತು. “ದೇವರ ಹತ್ತಿರ ಹೋಗೋದಕ್ಕೂ ಪರೀಕ್ಷೆ ಇಡ್ತೀಯೇನೋ ತಮ್ಮ? ನಾನು ಫೇಲಾದರೆ ಮನೇಲಿ ಕೂರಿಸಿಬಿಡ್ತೀರಾ?” ಎಂದಳು. ಈ ಭಯವು ಅವಳೊಬ್ಬಳದೇ ಅಲ್ಲ. ಪೂರ್ವಾಭ್ಯಾಸವನ್ನು ಪರೀಕ್ಷೆಯೆಂದು ತಿಳಿದ ಹಿರಿಯರು ನೋವನ್ನು ಮರೆಮಾಚುತ್ತಾರೆ. ಹಿಮ್ಮಡಿ ಸುಲಿದರೂ ಏನೂ ಇಲ್ಲವೆನ್ನುತ್ತಾರೆ. ಆಮೇಲೆ ಆ ಅಭ್ಯಾಸದಿಂದ ತಿಳಿಯುವುದು ಏನೂ ಇಲ್ಲ. ಆದಕಾರಣ ನಾವು ಮೊದಲು ಮಾಡಿಕೊಂಡ ಒಪ್ಪಂದವೆಂದರೆ ಇದು: ಅಕ್ಕ ಹೋಗಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ, ದಿನಕ್ಕೆ ಎಷ್ಟು ದೂರ, ಎಷ್ಟು ಭಾರ, ಎಷ್ಟು ವಿಶ್ರಾಂತಿ ಎಂಬುದಷ್ಟೇ ಪ್ರಶ್ನೆ. ಬಟ್ಟೆಯನ್ನು ಅಳೆಯುವ ಮೊಳಕೋಲು ಬಟ್ಟೆಯನ್ನು ಪಾಸು ಮಾಡುವುದೂ ಇಲ್ಲ, ಫೇಲು ಮಾಡುವುದೂ ಇಲ್ಲ. ವೈದ್ಯರು ಮೊಣಕಾಲನ್ನು ನೋಡಿ, ಕ್ರಮವಾಗಿ ಹೆಚ್ಚಿಸುತ್ತ ನಡೆಯಲು ಅಡ್ಡಿಯಿಲ್ಲವೆಂದ ಮೇಲೆ ಯೋಜನೆಗೆ ಕುಳಿತೆವು.

ಕಾಲವನ್ನು ಗೊತ್ತುಮಾಡಿದವು ರೇಷ್ಮೆ ಹುಳುಗಳು. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ಚಂದ್ರಿಕೆಗೆ ಹತ್ತುವ ಮುಂಚಿನ ಒಂದು ವಾರದಲ್ಲಿ ತಿನ್ನುತ್ತದೆ. ಆ ವಾರ ಮನೆಯವರಾರೂ ಕದಲುವಂತಿಲ್ಲ. ಗೂಡು ಮಾರುಕಟ್ಟೆಗೆ ಹೋದ ತರುವಾಯದ ಬಿಡುವಿನಲ್ಲಿ, ಚಳಿಗಾಲದಲ್ಲಿ ಅಭ್ಯಾಸ. ಅದಾದ ಒಂದು ತಿಂಗಳಿಗೆ, ಬಿಸಿಲು ಏರುವ ಮೊದಲು ಯಾತ್ರೆ. ನಡುವೆ ಮೂರು ವಾರಗಳಾದರೂ ಇರಬೇಕು. ಗಾಯ ಮಾಯುವುದಕ್ಕೂ, ಸರಿಹೋಗದ ವಸ್ತುವನ್ನು ಬದಲಿಸುವುದಕ್ಕೂ ಅಷ್ಟು ಅವಕಾಶ ಬೇಕು.

ಎರಡು ದಿನ ಎಡೆಬಿಡದೆ ನಡೆಯಬೇಕೆಂಬುದಕ್ಕೆ ಕಾರಣವಿದೆ. ಒಂದು ದಿನದ ಉತ್ಸಾಹದಲ್ಲಿ ಯಾರಾದರೂ ನಡೆದಾರು. ರೂಢಿಯಿಲ್ಲದ ಶ್ರಮದಿಂದ, ಅದರಲ್ಲಿಯೂ ಇಳಿಜಾರಿನ ನಡಿಗೆಯಿಂದ, ಮಾಂಸಖಂಡಗಳಿಗೆ ಬರುವ ನೋವು ಕೂಡಲೇ ಕಾಣಿಸಿಕೊಳ್ಳದೆ, ಒಂದರಿಂದ ಮೂರು ದಿನಗಳೊಳಗೆ ಹೆಚ್ಚಾಗುತ್ತದೆ. ನಿಜವಾದ ಸಮಾಚಾರವನ್ನು ಹೇಳುವುದು ಎರಡನೆಯ ದಿನದ ಬೆಳಗು.

ಹಾದಿಯ ಆಯ್ಕೆಯಲ್ಲಿ ಬಹಳ ಚರ್ಚೆಯಾಯಿತು. ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ನಡೆಯಬಹುದಾಗಿತ್ತು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಆ ಸ್ಥಳವನ್ನು ನೋಡಬೇಕೆಂದು ಅಕ್ಕನಿಗೂ ಆಸೆ. ಆದರೆ ಅದು ಸಮನಾದ, ಚಿಕ್ಕ ಹಾದಿ. ಮೊದಲ ವಾರದ ಬರಿಗೈ ನಡಿಗೆಗೆ ತಕ್ಕದ್ದು. ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವುದು ಇನ್ನೊಂದು ಸಲಹೆ. ಕೈವಾರದ ತಾತಯ್ಯನವರು ಯೋಗಿಗಳಾಗುವ ಮೊದಲು ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದವರು. ಹೊರೆ ಹೊತ್ತು ನಡೆಯುವವರಿಗೆ ಅವರಿಗಿಂತ ಒಳ್ಳೆಯ ಕುಲಗುರುಗಳು ಸಿಕ್ಕಲಾರರು. ಆದರೆ ನಮಗೆ ಮೆಟ್ಟಿಲುಗಳು ಬೇಕಾಗಿದ್ದವು.

ಕೊನೆಗೆ ನಂದಿಯೇ ನಿಶ್ಚಯವಾಯಿತು. ಮೊದಲ ದಿನ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರವನ್ನು ಹಾದು ನಂದಿ ಗ್ರಾಮ: ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ರಾತ್ರಿ ಪರಿಚಯಸ್ಥರ ಮನೆಯ ಪಡಸಾಲೆಯಲ್ಲಿ ನಮ್ಮ ಹೊದಿಕೆಯಲ್ಲಿಯೇ ನಿದ್ದೆ. ಎರಡನೆಯ ದಿನ ಭೋಗನಂದೀಶ್ವರನಿಗೆ ಕೈಮುಗಿದು, ಸುಲ್ತಾನಪೇಟೆಯ ಕಡೆಯಿಂದ ಬೆಟ್ಟದ ಹಳೆಯ ಮೆಟ್ಟಿಲುಗಳು. ಅವು 1,175 ಎಂದು ಲೆಕ್ಕ. ಎರಡು ಸಲ ಹತ್ತಿದರೆ 2,350. ಶ್ರೀವಾರಿ ಮೆಟ್ಟಿಗೆ 38 ಮಾತ್ರ ಕಡಿಮೆ. ಆದ್ದರಿಂದ ಒಂದು ಸಲ ಹತ್ತಿ ವೇಳೆಯನ್ನು ಗುರುತುಹಾಕಿಕೊಂಡರೆ ತಿರುಮಲೆಯ ಅರ್ಧ ಲೆಕ್ಕ ಕೈಗೆ ಬಂದಂತೆ. ಇದಲ್ಲದೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ನಡುವೆ ಬಸ್ಸುಗಳು ಓಡಾಡುತ್ತಲೇ ಇರುತ್ತವೆ. ಎಲ್ಲಿ ನಿಂತರೂ ಸಂಜೆಯೊಳಗೆ ಮನೆ ಸೇರಬಹುದು. ಅಭ್ಯಾಸದ ಹಾದಿಗೆ ಇರಬೇಕಾದ ಮುಖ್ಯ ಗುಣವೆಂದರೆ ಹಿಂದಿರುಗಲು ಅದು ಸುಲಭವಾಗಿರುವುದು. ದಾರಿಯ ಬದಿಯಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ. 1934ರಲ್ಲಿ ಇಡೀ ದೇಶದ ಆರ್ಥಿಕ ಯೋಜನೆಯ ಮೇಲೆ ಪುಸ್ತಕ ಬರೆದವರ ಊರಿನ ಮಗ್ಗುಲಲ್ಲಿ, ಎರಡು ದಿನದ ನಡಿಗೆಯನ್ನಾದರೂ ಯೋಜನೆಯಿಲ್ಲದೆ ನಡೆಯುವುದು ಶೋಭಿಸುವುದಿಲ್ಲ.

ಇನ್ನು ಹೊರೆ. ದೇಹದ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದು ನಿಯಮ ಮಾಡಿಕೊಂಡೆವು. ಅಕ್ಕನ ಪಾಲಿಗೆ ಅದು 6 ಕಿಲೋ. ಒಂದು ಲೀಟರು ನೀರು ಒಂದು ಕಿಲೋ ತೂಗುವುದರಿಂದ, ಎರಡು ಲೀಟರು ತುಂಬಿಸಿದರೆ ಉಳಿಯುವುದು ನಾಲ್ಕೇ. ಅದರಲ್ಲಿ ಒಂದು ಜೊತೆ ಬಟ್ಟೆ, ಹೊದಿಕೆ, ಟಾರ್ಚು, ಔಷಧಿ, ಹುರಿಹಿಟ್ಟು, ಬೆಲ್ಲ, ಉಪ್ಪು. ಮನೆಯಲ್ಲಿ ಸೊಪ್ಪು ತೂಗುವ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿದೆವು. ಅಕ್ಕನು ತನ್ನ ಹಿತ್ತಾಳೆಯ ತಂಬಿಗೆಯನ್ನು ಮೂರು ಸಲ ಒಳಗಿಟ್ಟು ಮೂರು ಸಲ ಹೊರಗೆ ತೆಗೆದಳು. ಕೊನೆಗೆ ತಂಬಿಗೆಯು ಮನೆಯಲ್ಲಿಯೇ ಉಳಿಯಿತು. ಭಾರವಾದುದನ್ನು ಚೀಲದಲ್ಲಿ ಬೆನ್ನಿಗೆ ಅಂಟಿದಂತೆ ಇಡುವುದು ಲೇಸು. ದೂರವಿಟ್ಟರೆ ಅದು ಹಿಂದಕ್ಕೆ ಎಳೆಯುತ್ತದೆ.

ಪಾದಗಳ ವಿಚಾರದಲ್ಲಿ ಎಷ್ಟು ಎಚ್ಚರಿಕೆಯಾದರೂ ಸಾಲದು. ಸಂಜೆಯ ಹೊತ್ತಿಗೆ ಪಾದಗಳು ಸ್ವಲ್ಪ ಊದುವುದರಿಂದ, ಬೂಟುಗಳನ್ನು ಸಂಜೆಯಲ್ಲಿಯೇ ಹಾಕಿ ನೋಡಿ ಕೊಳ್ಳಬೇಕು. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗವಿರಬೇಕು. ಬೊಬ್ಬೆಗಳು ಏಳುವುದು ಉಜ್ಜಾಟ ಮತ್ತು ತೇವಗಳಿಂದ. ಬೊಬ್ಬೆಗೆ ಮುಂಚೆ ಉರಿ ಬರುತ್ತದೆ. ಉರಿ ಬಂದೊಡನೆ ಕುಳಿತು, ಕಾಲುಚೀಲವನ್ನು ತೆಗೆದು, ಪಾದವನ್ನು ಒರಸಿ, ಆ ಸ್ಥಳಕ್ಕೆ ಅಂಟುಪಟ್ಟಿಯನ್ನು ಹಾಕಿದರೆ ಐದು ನಿಮಿಷದ ಕೆಲಸ. ಇನ್ನೊಂದು ಮೈಲಿ ನೋಡೋಣವೆಂದರೆ ಐದು ದಿನದ ನೋವು.

ವೇಳೆಯ ಲೆಕ್ಕಕ್ಕೆ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು 1892ರಲ್ಲಿ ಒಂದು ಸೂತ್ರವನ್ನು ಹೇಳಿದನು: ಗಂಟೆಗೆ ಸುಮಾರು 5 ಕಿಲೋಮೀಟರು; ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಇದು ಬಲವುಳ್ಳವರ ಸೂತ್ರ. ನಾವು ಗಂಟೆಗೆ ಮೂರೂವರೆ ಕಿಲೋಮೀಟರೆಂದೂ, ಗಂಟೆಗೆ ಹತ್ತು ನಿಮಿಷ ವಿಶ್ರಾಂತಿಯೆಂದೂ ಇಟ್ಟುಕೊಂಡೆವು. ಹೊತ್ತು ಮುಳುಗುವ ಮೊದಲು ತಂಗುದಾಣವನ್ನು ಸೇರುವುದು ಕಟ್ಟುನಿಟ್ಟು. 2023ರ ಆಗಸ್ಟಿನಲ್ಲಿ ಅಲಿಪಿರಿಯ ಮೆಟ್ಟಿಲುದಾರಿಯಲ್ಲಿ ಚಿರತೆಯು ಒಂದು ಮಗುವನ್ನು ಕೊಂದ ಸುದ್ದಿಯನ್ನು ಕೇಳಿದವರಿಗೆ, ಕಾಡಿನ ಮೆಟ್ಟಿಲುಗಳನ್ನು ಹಗಲಿನಲ್ಲಿಯೇ ಮುಗಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ನಿಲ್ಲಬೇಕೆಂಬುದನ್ನು ಮನೆಯಲ್ಲಿ ಕುಳಿತಾಗಲೇ ಬರೆದಿಟ್ಟೆವು. ಮೊಣಕಾಲು ಊದಿಕೊಂಡರೆ, ಕುಂಟು ಕಾಣಿಸಿಕೊಂಡರೆ, ತಲೆ ಸುತ್ತಿದರೆ ನಿಲ್ಲತಕ್ಕದ್ದು. ಹಾದಿಯಲ್ಲಿ ಈ ತೀರ್ಮಾನವನ್ನು ಮಾಡಹೊರಟರೆ ಅಲ್ಲಿ ಮಾತನಾಡುವುದು ವಿವೇಕವಲ್ಲ, ಹಟ.

ಮೊದಲ ದಿನ ಚಿಕ್ಕಬಳ್ಳಾಪುರವು ಹತ್ತಿರವಾಗುತ್ತಿದ್ದಾಗ ಅಕ್ಕನೇ ನಿಂತು, “ಎಡಗಾಲಿನ ಹಿಮ್ಮಡಿ ಉರೀತಿದೆ ಕಣೋ” ಎಂದಳು. ಆ ಮಾತನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಅವಳು ನೋವನ್ನು ಹೇಳಿದಳೆಂದರೆ ಇದು ಪರೀಕ್ಷೆಯಲ್ಲವೆಂದು ನಂಬಿದ್ದಾಳೆಂದು ಅರ್ಥ. ಮರುದಿನ ಮೆಟ್ಟಿಲುಗಳನ್ನು ಗೋವಿಂದನ ಹೆಸರಿನೊಡನೆ ನಿಧಾನವಾಗಿ ಹತ್ತಿದಳು. ತೊಂದರೆ ಬಂದದ್ದು ಇಳಿಯುವಾಗ. ಪ್ರತಿ ಮೆಟ್ಟಿಲಿನಲ್ಲಿಯೂ ಮೊಣಕಾಲು ನೊಂದಿತು; ಕೋಲನ್ನು ಹಿಡಿದು ಒಂದೊಂದಾಗಿ ಇಳಿದಳು. ಮೂರನೆಯ ಬೆಳಗ್ಗೆ ತೊಡೆಗಳು ಬಿಗಿದಿದ್ದವು, ಮೊಣಕಾಲು ಊದಿರಲಿಲ್ಲ.

ಆ ಅಳತೆಯಂತೆ ಯಾತ್ರೆಯನ್ನು ಹೊಲಿದದ್ದಾಯಿತು. ಆರು ದಿನಗಳೆಂದು ಮನೆಯವರು ಆಡಿಕೊಳ್ಳುತ್ತಿದ್ದ ಹಾದಿಯು ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ಹತ್ತು ದಿನಗಳಾಯಿತು. ಜೊತೆಗೆ ಒಂದು ದಿನ ವಿಶ್ರಾಂತಿ. ಕೋಲು ಗಂಟಿಗೆ ಸೇರಿತು. ತಿರುಮಲೆಯಿಂದ ಇಳಿಯುವುದು ಬಸ್ಸಿನಲ್ಲಿಯೇ. ಹರಕೆಯು ಹತ್ತುವುದಕ್ಕೆ ಹೊರತು ಇಳಿಯುವುದಕ್ಕಲ್ಲವೆಂದು ಅಕ್ಕನೇ ತೀರ್ಪು ಕೊಟ್ಟಳು. ಬಸ್ಸಿನಲ್ಲಿ ಹೋಗೆಂದಿದ್ದ ಮಗನು, ತಾನೂ ಜೊತೆಗೆ ನಡೆಯುವೆನೆಂದೂ ಅಮ್ಮನ ಗಂಟನ್ನು ತಾನೇ ಹೊರುವೆನೆಂದೂ ಹೇಳಿದ್ದಾನೆ. ಕುಡಿಯುವ ನೀರನ್ನು ಮಾತ್ರ ತಾನೇ ಹೊರುವೆನೆಂದು ಅವಳು ಒಪ್ಪಿಕೊಂಡಿದ್ದಾಳೆ.

ತಿರುಪತಿಗಾಗಲಿ, ಧರ್ಮಸ್ಥಳಕ್ಕಾಗಲಿ, ಶ್ರೀಶೈಲಕ್ಕಾಗಲಿ ನಡೆಯಬೇಕೆಂದಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮನೆಗೆ ಹತ್ತಿರದ ಎರಡು ದಿನದ ಹಾದಿಯನ್ನು ಮೊದಲು ನಡೆಯಿರಿ. ಜೊತೆಯಲ್ಲಿ ಹಿರಿಯರಿದ್ದರೆ, ಅವರು ತಮ್ಮ ನೋವನ್ನು ನಿರ್ಭಯವಾಗಿ ಹೇಳಿಕೊಳ್ಳುವಂತೆ ನಡೆದುಕೊಳ್ಳಿರಿ.