ಬರೆಯದೆ ಉಳಿದ ಸಾಲು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ಒಕ್ಕಲಿಗನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ಗೊರಸು ನೋಡುವನು. ಇಷ್ಟೆಲ್ಲ ನೋಡಿ ಹಗ್ಗವನ್ನು ಕೈಗೆ ತೆಗೆದುಕೊಂಡವನು, ಹಲವು ವರ್ಷ ಉತ್ತು ಎತ್ತು ಒಂದು ದಿನ ನೇಗಿಲಸಾಲಿನಲ್ಲಿ ಕುಸಿದಾಗ, “ಈ ಕುಂಟು ಹುಟ್ಟಿನಿಂದಲೇ ಇದ್ದಿತು” ಎಂದು ಮಾರಿದವನ ಬಾಗಿಲಿಗೆ ಹೋದರೆ ಊರಿನ ಹಿರಿಯರು ನಗದೆ ಇರಲಾರರು. ಮನುಷ್ಯನನ್ನು ಎತ್ತಿಗೆ ಹೋಲಿಸುವುದು ಸಭ್ಯವಲ್ಲ ನಿಜ. ಆದರೂ ದಂಡಿನ ಸೇವೆಯಿಂದ ಅಂಗವಿಕಲರಾಗಿ ಹಿಂದಿರುಗಿದವರ ಪಿಂಚಣಿಯ ಮೊಕದ್ದಮೆಗಳನ್ನು ಓದುವವರಿಗೆ ಈ ಹಳ್ಳಿಯ ನ್ಯಾಯವು ಮತ್ತೆ ಮತ್ತೆ ನೆನಪಾಗದೆ ಇರದು.

ಸಿಪಾಯಿಯಾಗಿ ಸೇರಬಂದ ತರುಣನನ್ನು ದಂಡಿನ ವೈದ್ಯರು ಪರೀಕ್ಷಿಸುವರು. ಎತ್ತರ, ಎದೆಯ ಸುತ್ತಳತೆ, ಕಣ್ಣು, ಕಿವಿ, ಕೀಲುಗಳು, ಎಲ್ಲವೂ ಪರೀಕ್ಷೆಗೆ ಒಳಗಾಗುವುವು. ದೋಷ ಕಂಡರೆ ಕಾಗದದಲ್ಲಿ ಬರೆಯುವರು. ಕಾಣದಿದ್ದರೆ ಆ ಸಾಲು ಬರಿದಾಗಿ ಉಳಿಯುವುದು. ಅವನು ರೋಗಿಯಾಗಿ ಸೇವೆಯನ್ನು ಬಿಡಬೇಕಾದಾಗ ಇನ್ನೊಂದು ವೈದ್ಯಮಂಡಳಿ ಕುಳಿತು ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು. ವೈಕಲ್ಯವು ನೂರಕ್ಕೆ ಎಷ್ಟು? ಅದು ಸೇವೆಯಿಂದ ಹುಟ್ಟಿತೆ, ಅಥವಾ ಸೇವೆಯಿಂದ ಉಲ್ಬಣಿಸಿತೆ? ನೂರಕ್ಕೆ 20ಕ್ಕೆ ಕಡಮೆಯಾದರೆ ಅಂಗವೈಕಲ್ಯದ ಪಿಂಚಣಿ ಇಲ್ಲ. ಅಷ್ಟಿದ್ದರೂ ಎರಡನೆಯ ಪ್ರಶ್ನೆಗೆ “ಇಲ್ಲ” ಎಂಬ ಉತ್ತರ ಬಂದರೆ ಅರ್ಜಿ ಅಲ್ಲಿಗೇ ಬೀಳುವುದು.

1985ನೆಯ ಇಸವಿಯಲ್ಲಿ ಒಬ್ಬ ಸಿಪಾಯಿಯು ನಮ್ಮ ಸೈನ್ಯದ ಸಿಗ್ನಲ್ಸ್ ದಳವನ್ನು ಸೇರಿದನು. ಸೇರಿದ ದಿನದ ಕಾಗದದಲ್ಲಿ ಯಾವ ರೋಗದ ಮಾತೂ ಇರಲಿಲ್ಲ. ಸುಮಾರು ಒಂಬತ್ತು ವರ್ಷಗಳ ತರುವಾಯ, 1994ರಲ್ಲಿ, ಮೂರ್ಛೆರೋಗದ ನಿಮಿತ್ತ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ವೈಕಲ್ಯವು ನೂರಕ್ಕೆ 20 ಎಂದು ಮಂಡಳಿ ಗೊತ್ತುಮಾಡಿತು. ಆದರೆ ಅದು ಸೇವೆಗೆ ಸಂಬಂಧಿಸಿದುದಲ್ಲ, ಅವನ ದೇಹಪ್ರಕೃತಿಯದು ಎಂದಿತು. ಪಿಂಚಣಿ ದೊರೆಯಲಿಲ್ಲ. ಉಚ್ಚ ನ್ಯಾಯಾಲಯದಲ್ಲಿ ಒಬ್ಬ ನ್ಯಾಯಾಧೀಶರು ಅವನ ಪರವಾಗಿ ತೀರ್ಪಿತ್ತರು. ಅಲ್ಲಿಯ ಹಿರಿಯ ಪೀಠ ಅದನ್ನು ತಳ್ಳಿಹಾಕಿತು. ಕಡೆಗೆ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅವನಿಗೆ ನ್ಯಾಯ ದೊರಕಿಸಿತು. ಸೇವೆ ಒಂಬತ್ತು ವರ್ಷ; ಆ ಸೇವೆಯ ಫಲಕ್ಕಾಗಿ ಕಾದದ್ದು ಹತ್ತೊಂಬತ್ತು ವರ್ಷ.

ನ್ಯಾಯಾಲಯವು ಆಧಾರವಾಗಿ ಹಿಡಿದುದು ಆ ಬರಿದಾದ ಸಾಲನ್ನೇ. 1982ರ ಪಿಂಚಣಿ ನಿಯಮಗಳ ಪ್ರಕಾರ, ಸೇರುವಾಗ ರೋಗವನ್ನು ಬರೆದಿಡದಿದ್ದರೆ ಸಿಪಾಯಿಯು ಆಗ ಆರೋಗ್ಯವಂತನಾಗಿದ್ದನೆಂದು ಭಾವಿಸತಕ್ಕದ್ದು. ರೋಗ ಸೇವೆಯಲ್ಲಿ ಹುಟ್ಟಿದುದೆಂದು ಎಣಿಸತಕ್ಕದ್ದು. ಹಾಗಲ್ಲವೆಂದು ರುಜುವಾತುಪಡಿಸುವ ಹೊರೆ ಸರ್ಕಾರದ್ದೇ ಹೊರತು ಅರ್ಜಿದಾರನದಲ್ಲ. ಸಂದೇಹ ಉಳಿದರೆ ಅದರ ಲಾಭ ಅವನಿಗೇ ಸಲ್ಲತಕ್ಕದ್ದು. ಪರೀಕ್ಷೆಯ ದಿನ ಆ ರೋಗವನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲವೆಂದು ವೈದ್ಯರು ಹೇಳಬಹುದು. ಆದರೆ ಕಾರಣಗಳನ್ನು ಬರೆದು ಹೇಳಬೇಕು. ಈ ಸಿಪಾಯಿಯ ವಿಷಯದಲ್ಲಿ ಮಂಡಳಿಯು ಅಂಥ ಕಾರಣವನ್ನು ಬರೆದಿರಲಿಲ್ಲ.

ಕಾರಣವಿಲ್ಲದ ಆ ಒಂದು ಸಾಲು ಮನೆಯೊಳಕ್ಕೆ ಬಂದರೆ ಏನಾಗುವುದೆಂಬುದನ್ನು ಗೃಹಸ್ಥರು ಬಲ್ಲರು. “ಸೇವೆಗೆ ಸಂಬಂಧಿಸಿದುದಲ್ಲ” ಎಂಬ ಮಾತಿಗೆ ಕಚೇರಿಯಲ್ಲಿ ಒಂದು ಅರ್ಥ, ಅಡುಗೆಮನೆಯಲ್ಲಿ ಮತ್ತೊಂದು. ಅಲ್ಲಿ ಅದು, ರೋಗವು ಅವನ ವಂಶದ್ದೆಂಬ ಪಿಸುಮಾತಾಗುವುದು. ಮದುವೆಗೆ ಬಂದ ಮಗಳ ತಾಯಿ ಆ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿಡುವಳು. ಹೋದದ್ದು ಹಣ ಮಾತ್ರವಲ್ಲ. ಗಡಿಯಲ್ಲಿ ನಿಂತು ಸವೆದವನೆಂಬ ಗೌರವವೂ ಹೋಗಿ, ಕೊರತೆಯನ್ನು ಬಚ್ಚಿಟ್ಟು ದಂಡಿಗೆ ಸೇರಿದವನೆಂಬ ಅಪವಾದ ಉಳಿಯುವುದು. ಅಪೀಲಿನ ಮೆಟ್ಟಿಲು ಹತ್ತುವವನು ಬಹುಮಟ್ಟಿಗೆ ಈ ಅಪವಾದವನ್ನು ತೊಳೆದುಕೊಳ್ಳಲೆಂದೇ ಹತ್ತುವನು.

ಮೆಟ್ಟಿಲುಗಳೇನೂ ಕಡಮೆಯಿಲ್ಲ. ಮೊದಲು ಇಲಾಖೆಯೊಳಗೇ ಒಂದು ಅಪೀಲು, ಅನಂತರ ಎರಡನೆಯದು. ಅಲ್ಲಿಯೂ ಆಗದಿದ್ದರೆ, 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸಕ್ಕೆ ತೊಡಗಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಲ್ಲಿ ನ್ಯಾಯಾಂಗದಿಂದ ಬಂದವರೊಡನೆ ಸೈನ್ಯದ ಅನುಭವವುಳ್ಳವರೂ ಕುಳಿತು ವಿಚಾರಿಸುವರು. ಈ ದಾರಿ ನಮ್ಮ ದೇಶದಲ್ಲಿ ಮಾತ್ರ ದೀರ್ಘವೆಂದಲ್ಲ. ಅಮೆರಿಕೆಯಲ್ಲಿ ಮಾಜಿ ಸೈನಿಕರ ಅಪೀಲು ಮಂಡಳಿ 1933ರಲ್ಲಿಯೇ ಸ್ಥಾಪಿತವಾಯಿತು. ಆದರೆ ಅದರ ತೀರ್ಮಾನವನ್ನು ನ್ಯಾಯಾಲಯಕ್ಕೆ ಒಯ್ಯುವ ಹಕ್ಕು ಅವರಿಗೆ ದೊರೆತದ್ದು 1988ರ ಕಾಯಿದೆಯಿಂದ. ಸಾಕ್ಷ್ಯವು ಎರಡು ತಟ್ಟೆಗಳಲ್ಲಿಯೂ ಸಮತೂಕವಾಗಿ ನಿಂತರೆ ತಕ್ಕಡಿಯು ಸೈನಿಕನ ಕಡೆಗೆ ಬಾಗತಕ್ಕದ್ದೆಂಬುದು ಅಲ್ಲಿಯ ನ್ಯಾಯವೂ ಆಗಿದೆ.

ಸರ್ಕಾರದ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಬೊಕ್ಕಸವು ಪ್ರಜೆಗಳದು; ಸೈನಿಕನಿಗೆ ಬಂದ ರೋಗವೆಲ್ಲ ಸೈನ್ಯದಿಂದಲೇ ಬಂದುದೆಂದು ಹೇಳಲಾಗದು. ರಜೆಯ ಮೇಲೆ ಊರಿಗೆ ಬಂದವನಿಗೆ ಸೇವೆಯ ಸಂಬಂಧವೇ ಇಲ್ಲದೆ ಆದ ಅಪಘಾತಗಳಲ್ಲಿ ನ್ಯಾಯಾಲಯಗಳೇ ಪಿಂಚಣಿಯನ್ನು ನಿರಾಕರಿಸಿವೆ. ಇದು ಅನ್ಯಾಯವಲ್ಲ. ಕಾರಣವನ್ನು ತಿಳಿದವನು ಇಲ್ಲವೆಂಬ ಮಾತನ್ನೂ ಸಹಿಸಿಕೊಳ್ಳಬಲ್ಲನು. ಕಾರಣವಿಲ್ಲದ ಇಲ್ಲವೆಂಬ ಮಾತೇ ಅವನನ್ನು ಹತ್ತೊಂಬತ್ತು ವರ್ಷ ಅಲೆಯಿಸುವುದು.

2023ನೆಯ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ನಿಯಮಗಳು ಬದಲಾಗಬಹುದು, ಅವುಗಳ ಅಡಿಯಲ್ಲಿರುವ ಪ್ರಶ್ನೆ ಬದಲಾಗದು. ಪಿಂಚಣಿಯು ದಾನವಾದರೆ ಕೇಳಬಂದವನು ತನ್ನ ಯೋಗ್ಯತೆಯನ್ನು ತೋರಿಸಬೇಕು. ಋಣವಾದರೆ ತೀರಿಸಬೇಕಾದವನೇ ಲೆಕ್ಕವನ್ನು ತೋರಿಸಬೇಕು. ಇಪ್ಪತ್ತು ವರ್ಷದ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೊರತೆಯ ಸಾಲನ್ನು ಬರಿದಾಗಿ ಬಿಟ್ಟು ಸರ್ಕಾರವೇ ಅವನನ್ನು ಕರೆದುಕೊಂಡಿತು. ಅವನು ಕುಸಿದು ಹಿಂದಿರುಗಿದ ದಿನ ಹಳೆಯ ಕಾಗದವನ್ನು ತೆಗೆದು ಆ ಬರಿಯ ಸಾಲನ್ನು ಇನ್ನೊಮ್ಮೆ ಓದುವುದು ಕರೆದುಕೊಂಡವರ ಮೊದಲ ಕರ್ತವ್ಯ.