ನಟ್ಟು ಕಾಕಾನ ಪಗಾರ

ನಮ್ಮ ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಟಿವಿ-ಫ್ರಿಜ್ ಅಂಗಡಿಯೊಂದರಲ್ಲಿ 31 ವರ್ಷ ಲೆಕ್ಕ ಬರೆದವರು. ಬೆಳಿಗ್ಗೆ ಡೊಂಬಿವಲಿಯಲ್ಲಿ ಸ್ಲೋ ಗಾಡಿ ಹತ್ತಿದರೆ ಕೋಪರ್, ದಿವಾ, ಮುಂಬ್ರಾ, ಕಳವಾ ಎಂದು ಎಣಿಸುತ್ತ ನಿಂತೇ ಹೋಗಬೇಕು. ಮೂವರ ಬೆಂಚಿನ ತುದಿಯ ಫೋರ್ತ್ ಸೀಟಿನಲ್ಲಿ ಅರ್ಧ ಅಂಡು ಊರಲು ಜಾಗ ಸಿಕ್ಕ ದಿನ ರಾತ್ರಿ ಊಟಕ್ಕೆ ಕೂತಾಗ ಆ ಸುದ್ದಿಯನ್ನು ಬಡ್ತಿ ಸಿಕ್ಕವರ ಹಾಗೆ ಹೇಳುತ್ತಿದ್ದರು. ನಿಜವಾದ ಬಡ್ತಿಯ ಸುದ್ದಿ ಮಾತ್ರ ಅವರ ಬಾಯಿಂದ ನಾವು ಕೇಳಲೇ ಇಲ್ಲ.

2008ರ ಜುಲೈಯಲ್ಲಿ ಸಬ್ ಟಿವಿಯಲ್ಲಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಶುರುವಾಯಿತು. ತಾರಕ್ ಮೆಹ್ತಾ ಅವರು ‘ಚಿತ್ರಲೇಖಾ’ ಎಂಬ ಗುಜರಾತಿ ವಾರಪತ್ರಿಕೆಗೆ 1971ರಿಂದ ಬರೆಯುತ್ತ ಬಂದ ನಗೆ ಅಂಕಣವೇ ಅದಕ್ಕೆ ಮೂಲ. ಅದರಲ್ಲಿ ಜೇಠಾಲಾಲನ ಗಡಾ ಎಲೆಕ್ಟ್ರಾನಿಕ್ಸ್ ಎಂಬ ಅಂಗಡಿ. ಅಂಗಡಿಯೊಳಗೊಬ್ಬ ವಯಸ್ಸಾದ ಕೆಲಸಗಾರ. ಮೂಗಿನ ತುದಿಗೆ ಜಾರಿದ ಕನ್ನಡಕ, ಸೊಟ್ಟ ಇಂಗ್ಲಿಷು. ಹೆಸರು ನಟ್ಟು ಕಾಕಾ. ಪಕ್ಕದಲ್ಲಿ ಬಾಗಿಕೊಂಡೇ ನಿಲ್ಲುವ ಅಣ್ಣನ ಮಗ ಬಾಘಾ. ನಟ್ಟಿಗೆ ತಕ್ಕ ಬೋಲ್ಟು ಎಂದು ನಾವು ಮಕ್ಕಳು ನಕ್ಕೆವು. ಅಪ್ಪ ನಗಲಿಲ್ಲ. ನಟ್ಟು ಕಾಕಾ ಕೈ ಹಿಸುಕುತ್ತ, ಶೇಠ್‌ಜಿ, ನನ್ನ ಪಗಾರ ಯಾವಾಗ ಹೆಚ್ಚಿಸ್ತೀರಿ ಎಂದು ಕೇಳಿದಾಗ ಅವರು ತಟ್ಟೆಯಿಂದ ತಲೆಯೆತ್ತಿ, “ಈಗ ಕೇಳಬಾರದಿತ್ತು. ಗಿರಾಕಿ ಇಲ್ಲದ ಹೊತ್ತು. ಬೋಣಿ ಆದ ಮೇಲೆ ಕೇಳಬೇಕು” ಎಂದರು. ಪಾಪ, ಅನುಭವದ ಮಾತು.

ಅಮ್ಮನದು ಬೇರೆಯೇ ವಿಚಾರಣೆ. ಆ ನಟನ ಹೆಸರು ಘನಶ್ಯಾಮ್ ನಾಯಕ್ ಎಂದು ತಿಳಿದದ್ದೇ ತಡ, “ನಾಯಕ್ರಾ? ಹಾಗಾದ್ರೆ ಇವ ನಮ್ಮ ಅಂಕೋಲೆ ಬದಿಯವ್ನೇ. ಸೂರ್ವೆಯಲ್ಲೋ ವಂದಿಗೆಯಲ್ಲೋ ವಿಚಾರಿಸಿದ್ರೆ ಮನೆ ಸಿಕ್ತದೆ” ಎಂದು ತೀರ್ಮಾನ ಕೊಟ್ಟಳು. ಡೊಂಬಿವಲಿ ಕರ್ನಾಟಕ ಸಂಘದಲ್ಲಿ ಸಿಕ್ಕ ನಾಲ್ಕು ಜನರಿಗೂ ಹೇಳಿ ಬಂದಳು. ಕೊನೆಗೆ ಗೊತ್ತಾದದ್ದು, ಅವರು ಗುಜರಾತಿನ ಮೆಹಸಾಣಾ ಜಿಲ್ಲೆಯ ಉಂಢಾಯಿ ಎಂಬ ಹಳ್ಳಿಯವರು, ಭವಾಯಿ ಆಟದ ಮನೆತನದವರು ಎಂದು.

ಅಮ್ಮ ಸೋತಳು, ಆದರೆ ಪೂರ್ತಿ ಅಲ್ಲ. ಭವಾಯಿ ಎಂದರೆ ಅಲ್ಲಿಯ ಬಯಲಾಟವೇ. ಹದಿನಾಲ್ಕನೆಯ ಶತಮಾನದ ಅಸಾಯಿತ ಠಾಕರ್ ಅದರ ಮೂಲಪುರುಷ ಎನ್ನುತ್ತಾರೆ. ಬಯಲಲ್ಲಿ ರಾತ್ರಿ ಆಟ, ಹೆಣ್ಣು ವೇಷಕ್ಕೂ ಗಂಡಸರೇ. ಒಂದೊಂದು ಪ್ರಸಂಗಕ್ಕೂ ‘ವೇಶ’ ಎಂದೇ ಹೆಸರು, ಮೇಳ ನಡೆಸುವವನು ‘ನಾಯಕ’, ನಗಿಸುವವನು ‘ರಂಗಲೋ’. ಇದನ್ನು ಕೇಳಿದ ಅಮ್ಮ, “ಅದೇ ಮತ್ತೆ, ನಮ್ಮ ಹಾಸ್ಯಗಾರ! ರಾಜನ ಎದುರು ಬಾಗಿ ನಿಂತು ರಾಜನನ್ನೇ ಕುಟುಕುವವ” ಎಂದು ಹೇಳಿ ಗೆದ್ದವಳಂತೆ ಒಳಗೆ ಹೋದಳು. ಯಕ್ಷಗಾನ ನೋಡಿ ಬೆಳೆದವರಿಗೆ ನಟ್ಟು ಕಾಕಾನನ್ನು ಯಾರೂ ವಿವರಿಸಬೇಕಿರಲಿಲ್ಲ.

ಪಗಾರ ಎಂಬ ಪದದ ಕಥೆಯೂ ಸ್ವಾರಸ್ಯದ್ದೇ. ಪೋರ್ಚುಗೀಸರು ಪಶ್ಚಿಮ ಕರಾವಳಿಯಲ್ಲಿ ಬಿಟ್ಟುಹೋದ ಪದ ಅದು. ಕೊಂಕಣಿ, ಮರಾಠಿ, ಗುಜರಾತಿ, ನಮ್ಮ ಉತ್ತರದ ಕನ್ನಡ ಎಲ್ಲದರಲ್ಲೂ ಬೇರು ಬಿಟ್ಟಿದೆ. ಪೋರ್ಚುಗೀಸರ ಭಾಷೆಯಲ್ಲಿ ಅದು ಕ್ರಿಯಾಪದ: ಹಣ ಕೊಡು, ಪಾವತಿ ಮಾಡು ಎಂದರ್ಥ. ನಮ್ಮಲ್ಲಿಗೆ ಬರುವಷ್ಟರಲ್ಲಿ ನಾಮಪದವಾಯಿತು. ಕ್ರಿಯೆ ಮಾತ್ರ ಶೇಠರ ಮರ್ಜಿಗೆ ಉಳಿಯಿತು. ಅಪ್ಪ ಪ್ರತಿ ದೀಪಾವಳಿಗೆ ಕೇಳುತ್ತಿದ್ದರು. “ಈ ಸಲ ಸೀಜನ್ ಡಲ್ಲು” ಎಂಬ ಉತ್ತರದ ಜೊತೆ ಒಂದು ಡಬ್ಬಿ ಸೋನ್‌ಪಾಪಡಿ ಬರುತ್ತಿತ್ತು. ನಮಗೆ ಸೋನ್‌ಪಾಪಡಿ ಇಷ್ಟವೆಂದು ಶೇಠರು ಕೊನೆವರೆಗೂ ನಂಬಿದ್ದರು.

ಘನಶ್ಯಾಮ್ ನಾಯಕ್ ಅವರ ಪಗಾರದ ಲೆಕ್ಕವೂ ಇಂಥದ್ದೇ. 1960ರ ‘ಮಾಸೂಮ್’ ಚಿತ್ರದಲ್ಲಿ ಹುಡುಗನಾಗಿ ಬಂದವರು; ‘ಹಮ್ ದಿಲ್ ದೇ ಚುಕೇ ಸನಮ್’ನಲ್ಲಿ ವಿಠ್ಠಲ್ ಕಾಕಾ. ಮೂರು ರೂಪಾಯಿಗಾಗಿ 24 ಗಂಟೆ ದುಡಿದ ದಿನಗಳಿದ್ದವು ಎಂದು ಅವರೇ ಹೇಳಿಕೊಂಡಿದ್ದರು. ಕೈಗೆ ನಾಲ್ಕು ಕಾಸು ನಿಂತದ್ದು ಅರುವತ್ತು ದಾಟಿದ ಮೇಲೆ, ಪಗಾರ ಸಾಲದೆಂದು ಗೋಗರೆಯುವ ಪಾತ್ರದಿಂದ. 2021ರ ಅಕ್ಟೋಬರ್ 3ರಂದು, 77ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ರಾತ್ರಿ ಅಪ್ಪ ಟಿವಿ ಹಚ್ಚಲಿಲ್ಲ. ಮರುವರ್ಷ ಕಿರಣ್ ಭಟ್ ಎಂಬ ನಟರು ಅದೇ ಪಾತ್ರಕ್ಕೆ ಬಂದಾಗ ಒಂದು ವಾರ ಮುಖ ತಿರುಗಿಸಿ ಕೂತರು. ಆಮೇಲೆ, “ಹಾಸ್ಯಗಾರ ಹೋದ್ರೂ ಆಟ ನಿಲ್ಲೂದಿಲ್ಲ” ಎಂದು ತಾವೇ ಸಮಾಧಾನ ಮಾಡಿಕೊಂಡರು. ಆಟ ನಿಂತಿಲ್ಲ, 4 ಸಾವಿರ ಕಂತು ದಾಟಿದೆ.

ಈಗ ನಾವು ನವಿ ಮುಂಬಯಿಯ ಐರೋಲಿಯಲ್ಲಿದ್ದೇವೆ. ಲಿಫ್ಟ್ ಇರುವ ಮನೆ, ಪಾತ್ರೆ-ನೆಲಕ್ಕೆ ಮೌಶಿ. ಕಳೆದ ತಿಂಗಳು ಮೌಶಿ ಪಾತ್ರೆ ಕವುಚಿಟ್ಟು, ಸೆರಗಿಗೆ ಕೈ ಒರೆಸುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಪಗಾರ ವಾಢವಾ ನಾ, ತಾಯಿ” ಎಂದಳು, ಪಗಾರ ಹೆಚ್ಚಿಸಿ ಅಕ್ಕ ಎಂದು. ನಾನು ಮೊಬೈಲಿನಿಂದ ಕಣ್ಣೆತ್ತದೆ, “ದೀಪಾವಳಿಗೆ ನೋಡೋಣ ಮೌಶಿ, ಈಗ ಖರ್ಚು ಜಾಸ್ತಿ” ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು, ಅದು ಜೇಠಾಲಾಲನದು.

ಹಾಲ್‌ನಲ್ಲಿ ಟಿವಿಯ ದನಿ ನಿಂತಿತು. ಅಪ್ಪ ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಆ ತಿಂಗಳಿಂದಲೇ ಮೌಶಿಯ ಪಗಾರ 500 ರೂಪಾಯಿ ಹೆಚ್ಚಾಯಿತು. ದೀಪಾವಳಿಗೆ ಸೋನ್‌ಪಾಪಡಿ ಕೊಡುವುದಿಲ್ಲ ಎಂದೂ ಹೇಳಿದ್ದೇನೆ.